ಬ್ಯಾಟರಿಯನ್ನು ಬಿಟ್ಟು ತೂಗಿದ ಗಾಡಿ

ಕೇಂದ್ರ ಸರಕಾರದ ೧೯೮೯ರ ಮೋಟಾರು ವಾಹನ ನಿಯಮಗಳಲ್ಲಿ ಎರಡನೆಯ ನಿಯಮವು ಪರಿಭಾಷೆಗಳನ್ನು ವಿವರಿಸತಕ್ಕದ್ದು. ಅದಕ್ಕೆ ಮುಂದೆ ಸೇರಿಸಿದ ಉಪವಿಧಿಯೊಂದು, ಬ್ಯಾಟರಿಯಿಂದ ನಡೆಯುವ ವಾಹನವೆಂದರೇನೆಂಬುದನ್ನು ಹೇಳಿ, ಅಂಥ ವಾಹನವು ಯಾವ ಸಂದರ್ಭದಲ್ಲಿ ಮೋಟಾರು ವಾಹನಗಳ ಎಣಿಕೆಗೆ ಬಾರದೆಂಬುದನ್ನೂ ನಿರ್ದೇಶಿಸಿತು. ಮೋಟಾರಿನ ಅರ್ಧ ಗಂಟೆಯ ಸಾಮರ್ಥ್ಯ ಕಾಲು ಕಿಲೋವಾಟಿಗಿಂತ ಕಡಿಮೆಯಿರಬೇಕು, ಪರಮಾವಧಿ ವೇಗ ಗಂಟೆಗೆ ೨೫ ಕಿಲೋಮೀಟರಿಗಿಂತ ಕಡಿಮೆಯಿರಬೇಕು, ತಕ್ಕ ಬ್ರೇಕುಗಳಿರಬೇಕು, ಮುಂದೆ ಬಿಳಿಯ, ಹಿಂದೆ ಕೆಂಪು ಪ್ರತಿಫಲಕಗಳಿರಬೇಕು, ಬ್ಯಾಟರಿಯ ತೂಕವನ್ನು ಬಿಟ್ಟು ಗಾಡಿಯ ತೂಕ ೬೦ ಕಿಲೋಗ್ರಾಮನ್ನು ಮೀರಬಾರದು. ಇವಿಷ್ಟೂ ಸರಿಯೆಂದು ಪರೀಕ್ಷಾಸಂಸ್ಥೆಯೊಂದು ಒಪ್ಪಿಕೊಟ್ಟರೆ ಗಾಡಿಗೆ ನೋಂದಣಿ ಬೇಡ, ಸವಾರನಿಗೆ ಪರವಾನಗಿ ಬೇಡ, ವಿಮೆಯ ಕಡ್ಡಾಯವೂ ಇಲ್ಲ.

ಬ್ಯಾಟರಿಯ ತೂಕವನ್ನು ಬಿಟ್ಟು ಎಂಬ ಮಾತು ಬರವಣಿಗೆಯ ಪ್ರಮಾದವಲ್ಲ. ಆ ದಿನಗಳ ಇಂಥ ಗಾಡಿಗಳಲ್ಲಿ ಇರುತ್ತಿದ್ದುದು ಬಹುಮಟ್ಟಿಗೆ ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿ. ಅದು ಬಲು ಭಾರವಾದ ವಸ್ತು. ಅದನ್ನೂ ಸೇರಿಸಿ ತೂಗಿದರೆ ಬಡವರ ಗಾಡಿಯೊಂದು ವಿನಾಕಾರಣ ಮಿತಿಯಿಂದಾಚೆ ಹೋಗುತ್ತಿತ್ತು. ಆದ್ದರಿಂದ ನಿಯಮವನ್ನು ಬರೆದವರು ಉದಾರವಾಗಿಯೇ ವರ್ತಿಸಿದರೆನ್ನಬೇಕು. ಆದರೆ ಈ ಮೂರು ಶಬ್ದಗಳಲ್ಲಿ ನಮ್ಮ ಶಾಸನದ ದೃಷ್ಟಿಯೂ ವ್ಯಕ್ತವಾಗಿದೆ. ಗಾಡಿಯಿಂದ ಒದಗುವ ಅಪಾಯವೆಂದರೆ ರಸ್ತೆಯ ಅಪಾಯ. ಅದು ವೇಗ, ಬಲ, ತೂಕ, ಬ್ರೇಕುಗಳಿಂದ ಹುಟ್ಟುವುದು. ಅವನ್ನು ಅಳೆದರೆ ಅಪಾಯವನ್ನು ಅಳೆದಂತಾಯಿತು ಎಂಬುದೇ ಆ ದೃಷ್ಟಿ. ೧೯೮೮ರ ಮೂಲ ಅಧಿನಿಯಮದಲ್ಲಿಯೂ ಇದೇ ಕ್ರಮವಿದೆ. ನಾಲ್ಕಕ್ಕಿಂತ ಕಡಿಮೆ ಚಕ್ರಗಳಿದ್ದು ಯಂತ್ರದ ಗಾತ್ರ ೨೫ ಘನ ಸೆಂಟಿಮೀಟರನ್ನು ಮೀರದಿದ್ದರೆ ಅದು ಮೋಟಾರು ವಾಹನವಲ್ಲವೆಂದು ಅಲ್ಲಿ ಹೇಳಿದೆ. ಸಣ್ಣ ಯಂತ್ರ ಮೆಲ್ಲಗೆ ಓಡುವುದು, ಮೆಲ್ಲಗೆ ಓಡುವುದು ಕಡಿಮೆ ಕೇಡು ಮಾಡುವುದು.

ಪೆಟ್ರೋಲಿನ ಗಾಡಿಗಳ ಮಟ್ಟಿಗೆ ಈ ತರ್ಕದಲ್ಲಿ ದೋಷವಿರಲಿಲ್ಲ. ಏಕೆಂದರೆ ಅಲ್ಲಿ ಗಾಡಿಗೆ ಒಂದು ಕಾನೂನು, ಇಂಧನಕ್ಕೆ ಇನ್ನೊಂದು ಕಾನೂನು ಎಂಬ ವಿಭಾಗ ಮೊದಲಿನಿಂದಲೂ ನಡೆದುಬಂದಿತ್ತು. ಪೆಟ್ರೋಲಿಯಂ ಕುರಿತ ಶಾಸನ ಈ ದೇಶದಲ್ಲಿ ಮೋಟಾರು ಕಾರು ಬೀದಿಗಿಳಿಯುವುದಕ್ಕೆ ಮುಂಚೆಯೇ ಹುಟ್ಟಿದ್ದು. ೧೮೯೯ರ ಅಧಿನಿಯಮವನ್ನು ತೆಗೆದುಹಾಕಿ ೧೯೩೪ರಲ್ಲಿ ಹೊಸದನ್ನು ಮಾಡಿದರು. ಆ ಶಾಸನ ದ್ರವವನ್ನೇ ಹಿಡಿದು ನಡೆಯುತ್ತದೆ. ಯಾವ ಉಷ್ಣತೆಯಲ್ಲಿ ಅದರ ಆವಿ ಕಿಡಿಗೆ ಹೊತ್ತಿಕೊಳ್ಳುವುದೆಂಬುದನ್ನು ಪರೀಕ್ಷಿಸಿ ವರ್ಗಗಳನ್ನು ಮಾಡುತ್ತದೆ. ೨೩ ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಹೊತ್ತುವುದು ಮೊದಲನೆಯ ವರ್ಗ. ಅದನ್ನು ಮಾರುವ ಉದ್ದೇಶವಿಲ್ಲದವನು ಪರವಾನಗಿಯಿಲ್ಲದೆ ೩೦ ಲೀಟರಿನ ತನಕ ಮಾತ್ರ ಇಟ್ಟುಕೊಳ್ಳಬಹುದು. ಅದನ್ನು ಎಂಥ ಪಾತ್ರೆಯಲ್ಲಿ ಇಡಬೇಕೆಂಬುದನ್ನೂ ಹೇಳಿದೆ. ಗಾಡಿಯ ಟ್ಯಾಂಕಿನಲ್ಲಿರುವುದಕ್ಕೆ ಬೇರೆ ವಿನಾಯಿತಿಯಿದೆ. ಹೀಗೆ ಪೆಟ್ರೋಲು ಗಾಡಿಯಿಂದ ಇಳಿದು ಮನೆಯ ಅಟ್ಟಕ್ಕೆ ಬಂದರೂ ಕಾನೂನು ಅದರ ಬೆನ್ನು ಬಿಡುತ್ತಿರಲಿಲ್ಲ. ವಿದ್ಯುತ್ತಿನ ಗಾಡಿ ಬಂದಾಗ ಈ ವಿಭಾಗ ತಾನಾಗಿಯೇ ಅಳಿಸಿಹೋಯಿತು. ಇಂಧನವೂ ಇಂಧನದ ಪಾತ್ರೆಯೂ ಒಂದೇ ಆಗಿ ಬ್ಯಾಟರಿಯೆಂಬ ಹೆಸರಿನಿಂದ ಗಾಡಿಯ ಅಂಗವೆನಿಸಿತು. ಗಾಡಿಯ ಕಾನೂನಿನೊಳಗೆ ಸೇರಿತು. ಅಲ್ಲಿ ಅದರ ತೂಕವನ್ನು ಬಿಟ್ಟುಕೊಟ್ಟಿತ್ತು.

ಸೀಸದ ಬ್ಯಾಟರಿ ಇರುವತನಕ ಇದರಿಂದ ದೊಡ್ಡ ಹಾನಿಯಾಗಲಿಲ್ಲ. ಆಮ್ಲ ಚೆಲ್ಲುವುದು, ವಿದ್ಯುತ್ತು ತುಂಬುವಾಗ ಜಲಜನಕ ಹೊರಡುವುದು, ಇವು ಅದರ ದೋಷಗಳು. ಆದರೆ ಅದರೊಳಗಿನ ದ್ರವದಲ್ಲಿ ಬಹುಪಾಲು ನೀರು. ಲಿಥಿಯಂ ಬ್ಯಾಟರಿಯ ಪ್ರಕೃತಿಯೇ ಬೇರೆ. ವ್ಯವಹಾರದಲ್ಲಿ ಸೆಲ್ ಎಂದು ಕರೆಯುವ ಅದರ ಪ್ರತಿಯೊಂದು ಕೋಶದಲ್ಲಿಯೂ ಒಂದು ಕಡೆ ಗ್ರಾಫೈಟು, ಇನ್ನೊಂದು ಕಡೆ ಲೋಹದ ಆಕ್ಸೈಡು, ನಡುವೆ ಕೂದಲೆಳೆಗಿಂತ ತೆಳುವಾದ ಪ್ಲಾಸ್ಟಿಕ್ಕಿನ ಪೊರೆ ಇರುತ್ತವೆ. ಇವನ್ನೆಲ್ಲ ತೋಯಿಸಿರುವ ದ್ರವ ನೀರಲ್ಲ, ಹೊತ್ತಿಕೊಳ್ಳುವಂಥ ಸಾವಯವ ದ್ರಾವಕ. ಮಿತಿಮೀರಿ ವಿದ್ಯುತ್ತು ತುಂಬಿದಾಗಲಾಗಲಿ, ಏಟು ಬಿದ್ದಾಗಲಾಗಲಿ, ತಯಾರಿಕೆಯಲ್ಲಿ ಲೋಹದ ಕಣವೊಂದು ಒಳಗೆ ಉಳಿದಾಗಲಾಗಲಿ ನಡುವಣ ಪೊರೆ ಹರಿದರೆ ಒಳಗೇ ಶಾರ್ಟ್ ಸರ್ಕಿಟ್ ಆಗಿ ಕೋಶ ಕಾಯುತ್ತದೆ. ೧೩೦ ಡಿಗ್ರಿಯ ಸುಮಾರಿಗೆ ಪೊರೆ ಕರಗುತ್ತದೆ. ಇನ್ನೂ ಕಾದರೆ ಕೆಲವು ಜಾತಿಯ ಆಕ್ಸೈಡುಗಳು ತಮ್ಮೊಳಗಿನ ಆಮ್ಲಜನಕವನ್ನು ತಾವೇ ಬಿಟ್ಟುಕೊಡುತ್ತವೆ. ಆಮೇಲೆ ಆ ಬೆಂಕಿಗೆ ಹೊರಗಿನ ಗಾಳಿಯ ಹಂಗಿಲ್ಲ. ಮರಳು ಮುಚ್ಚಿ, ಕಂಬಳಿ ಹೊದಿಸಿ ಆರಿಸುವುದು ಸಾಧ್ಯವಾಗದು. ಸ್ಕೂಟರಿನ ಒಂದು ಪೆಟ್ಟಿಗೆಯಲ್ಲಿ ಇಂಥ ಕೋಶಗಳು ನೂರಾರು ಇರುತ್ತವೆ. ಒಂದು ಕಾದರೆ ನೆರೆಯದನ್ನು ಕಾಯಿಸುತ್ತದೆ.

ಈ ಗುಣ ತಜ್ಞರಿಗೆ ಮೊದಲಿನಿಂದಲೂ ತಿಳಿದಿತ್ತು. ಲೋಹರೂಪದ ಲಿಥಿಯಮ್ಮನ್ನೇ ಬಳಸಿ ಕೆನಡದ ಕಂಪನಿಯೊಂದು ತಯಾರಿಸಿದ ಬ್ಯಾಟರಿಗಳು ಜಪಾನಿನ ದೂರವಾಣಿಗಳಲ್ಲಿ ಹೊತ್ತಿಕೊಂಡು, ೧೯೮೯ರಲ್ಲಿ ಅವನ್ನು ಹಿಂದಕ್ಕೆ ಪಡೆಯಬೇಕಾಯಿತು. ಲೋಹವನ್ನು ಬಿಟ್ಟು ಅಯಾನುಗಳಿಂದ ಕೆಲಸ ಮಾಡುವ ಬ್ಯಾಟರಿಯನ್ನು ಸೋನಿ ಕಂಪನಿ ೧೯೯೧ರಲ್ಲಿ ಮಾರುಕಟ್ಟೆಗೆ ತಂದಿತು. ಇದರ ಹಿಂದಿನ ಸಂಶೋಧನೆಗಾಗಿ ವಿಟಿಂಗ್‌ಹ್ಯಾಮ್, ಗುಡ್‌ಇನಫ್, ಯೋಶಿನೊ ಎಂಬ ಮೂವರಿಗೆ ೨೦೧೯ರಲ್ಲಿ ನೊಬೆಲ್ ಬಹುಮಾನ ದೊರೆತದ್ದು ವಾಚಕರ ನೆನಪಿನಲ್ಲಿರಬಹುದು. ಬಿಸಿಗೆ ಹೆಚ್ಚು ತಾಳಿಕೊಳ್ಳುವ ಕಬ್ಬಿಣ-ಫಾಸ್ಫೇಟಿನ ಜಾತಿಯನ್ನು ಲೋಕಕ್ಕೆ ತಿಳಿಸಿದ ೧೯೯೭ರ ಲೇಖನದಲ್ಲಿ ಗುಡ್‌ಇನಫ್ ಅವರ ಜೊತೆಗೆ ಎ. ಕೆ. ಪಾಢಿ, ಕೆ. ಎಸ್. ನಂಜುಂಡಸ್ವಾಮಿ ಎಂಬ ಹೆಸರುಗಳಿವೆ; ಈ ಎರಡು ಹೆಸರುಗಳು ನಮ್ಮಲ್ಲಿ ಅಷ್ಟಾಗಿ ಕೇಳಿಬರದಿರುವುದು ಆಶ್ಚರ್ಯವೇ ಸರಿ. ಅದಿರಲಿ. ಮಡಿಲಲ್ಲಿಡುವ ಕಂಪ್ಯೂಟರಿನಲ್ಲಿ ಈ ಬ್ಯಾಟರಿ ಹೊತ್ತಿಕೊಂಡುದರಿಂದ ೨೦೦೬ರಲ್ಲಿ ಒಂದೇ ಕಂಪನಿ ೪೧ ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಕರೆಯಿತು. ಆದರೆ ಕಂಪ್ಯೂಟರಿನ ಬ್ಯಾಟರಿ ಬೆರಳೆಣಿಕೆಯ ಕೋಶಗಳದ್ದು. ಸ್ಕೂಟರಿನದು ಅದರ ಹತ್ತಾರು ಪಾಲು.

ಭಾರತದಲ್ಲಿ ಕಾನೂನು ಇದ್ದೇ ಇರಲಿಲ್ಲವೆನ್ನುವುದು ನ್ಯಾಯವಲ್ಲ. ಮೋಟಾರು ವಾಹನವೆನಿಸಿದ ಗಾಡಿಗಳ ಮಾದರಿಯನ್ನು ಮಾರುವುದಕ್ಕೆ ಮುಂಚೆ ಪರೀಕ್ಷೆಗೊಳಪಡಿಸಬೇಕೆಂದು ೧೨೬ನೆಯ ನಿಯಮ ವಿಧಿಸುತ್ತದೆ. ಆ ಪರೀಕ್ಷೆಗಳ ಮಾನಕಗಳನ್ನು ಸಾರಿಗೆ ಮಂತ್ರಾಲಯದ ಪರವಾಗಿ ಪ್ರಕಟಿಸತಕ್ಕದ್ದು ೧೯೬೬ರಲ್ಲಿ ಸ್ಥಾಪಿತವಾದ ಪುಣೆಯ ಆಟೊಮೋಟಿವ್ ರಿಸರ್ಚ್ ಅಸೋಸಿಯೇಷನ್. ಎ.ಐ.ಎಸ್. ೦೪೮ ಎಂಬ ಮಾನಕದಲ್ಲಿ ವಾಹನದ ಬ್ಯಾಟರಿಗೆ ಶಾರ್ಟ್ ಸರ್ಕಿಟ್ಟಿನ ಪರೀಕ್ಷೆ, ಅತಿಯಾಗಿ ವಿದ್ಯುತ್ತು ತುಂಬುವ ಪರೀಕ್ಷೆ, ಕುಲುಕಾಟದ ಪರೀಕ್ಷೆ, ಮೊಳೆ ಹೊಡೆಯುವ ಪರೀಕ್ಷೆ ಕೂಡ ಇದ್ದವು. ಅನಂತರ ಬಂದ ಎ.ಐ.ಎಸ್. ೧೫೬ ವಿಶ್ವಸಂಸ್ಥೆಯ ೧೩೬ನೆಯ ನಿಬಂಧನೆಯನ್ನು ಅನುಸರಿಸಿದ್ದು. ಆ ನಿಬಂಧನೆಯಲ್ಲಿ, ಗಾಡಿಯಿಂದ ಬಿಚ್ಚಿ ಒಯ್ಯಬಹುದಾದ ಬ್ಯಾಟರಿಯನ್ನು ಎತ್ತರದಿಂದ ಕೆಡವಿ ನೋಡುವ ಪರೀಕ್ಷೆಯೂ ಸೇರಿದೆ. ಬ್ಯಾಟರಿಯು ಗಾಡಿಯನ್ನು ಬಿಟ್ಟು ಮನುಷ್ಯನ ಕೈಯಲ್ಲಿ ಮೆಟ್ಟಲು ಹತ್ತುತ್ತದೆಂಬುದನ್ನು ಯಾರೋ ಒಬ್ಬ ಶಾಸನಕಾರ ಅಲ್ಲಿ ಗಮನಿಸಿದ್ದನೆನ್ನಬೇಕು. ಆದರೆ ಹತ್ತಿದ ಮೇಲೆ ಅದು ರಾತ್ರಿಯೆಲ್ಲ ಎಲ್ಲಿರುವುದೆಂಬ ಪ್ರಶ್ನೆ ವಾಹನದ ಮಾನಕಕ್ಕೆ ಸೇರಿದ್ದಲ್ಲ.

ಇದೇ ಕಾಲದಲ್ಲಿ ಸರಕಾರದ ಬೊಕ್ಕಸವು ಬ್ಯಾಟರಿಯನ್ನು ಬೇರೊಂದು ಬಗೆಯಲ್ಲಿ ಅಳೆಯುತ್ತಿದ್ದುದು ಕುತೂಹಲಕರವಾಗಿದೆ. ವಿದ್ಯುತ್ ವಾಹನಗಳಿಗೆ ಪ್ರೋತ್ಸಾಹ ಕೊಡುವ ಯೋಜನೆಯ ಎರಡನೆಯ ಘಟ್ಟ ೨೦೧೯ರ ಏಪ್ರಿಲಿನಲ್ಲಿ ಆರಂಭವಾಯಿತು. ಅದಕ್ಕೆ ತೆಗೆದಿರಿಸಿದ ಮೊತ್ತ ೧೦,೦೦೦ ಕೋಟಿ ರೂಪಾಯಿ. ದ್ವಿಚಕ್ರವಾಹನಕ್ಕೆ ಸಹಾಯಧನವನ್ನು ಗೊತ್ತುಮಾಡಿದ್ದು ವೇಗದಿಂದಲ್ಲ, ಬೆಲೆಯಿಂದಲೂ ಅಲ್ಲ, ಬ್ಯಾಟರಿಯ ಧಾರಣಶಕ್ತಿಯಿಂದ: ಪ್ರತಿ ಕಿಲೋವಾಟ್-ಗಂಟೆಗೆ ೧೦,೦೦೦ ರೂಪಾಯಿ, ಗಾಡಿಯ ಬೆಲೆಯ ಶೇಕಡ ೨೦ರ ಮಿತಿಯೊಳಗೆ. ೨೦೨೧ರ ಜೂನಿನಲ್ಲಿ ಅದನ್ನು ೧೫,೦೦೦ಕ್ಕೂ ಮಿತಿಯನ್ನು ಶೇಕಡ ೪೦ಕ್ಕೂ ಏರಿಸಿದರು. ಲೆಕ್ಕಪತ್ರ ಬಲ್ಲ ಯಾರಿಗೂ ಇದರ ಪರಿಣಾಮ ಸ್ಪಷ್ಟ. ಬ್ಯಾಟರಿ ದೊಡ್ಡದಾದಷ್ಟೂ ಸಹಾಯಧನ ಹೆಚ್ಚು. ೨೦೨೦ರ ಆಗಸ್ಟಿನಲ್ಲಿ ಸಾರಿಗೆ ಮಂತ್ರಾಲಯವು ಬ್ಯಾಟರಿಯಿಲ್ಲದೆಯೇ ಗಾಡಿಯನ್ನು ಮಾರಬಹುದು, ನೋಂದಾಯಿಸಬಹುದು ಎಂದು ರಾಜ್ಯಗಳಿಗೆ ತಿಳಿಸಿತು. ಸಹಾಯಧನದ ಕಡತದಲ್ಲಿ ಬ್ಯಾಟರಿಯೇ ಗಾಡಿಯ ಅಳತೆಗೋಲು. ನೋಂದಣಿಯ ಕಡತದಲ್ಲಿ ಅದು ಇಲ್ಲದಿದ್ದರೂ ನಡೆಯುವ ವಸ್ತು. ಸಣ್ಣ ಗಾಡಿಯ ವಿನಾಯಿತಿಯ ಕಡತದಲ್ಲಿ ತೂಕಕ್ಕೆ ಬಾರದ ವಸ್ತು. ಒಂದೇ ಸರಕಾರದ ಮೂರು ಕಡತಗಳಿವು.

೨೦೨೨ರ ಬೇಸಗೆಯಲ್ಲಿ ನಡೆದದ್ದನ್ನು ಕ್ರಮವಾಗಿ ಹೇಳಬೇಕು. ಮಾರ್ಚಿ ತಿಂಗಳ ಕೊನೆಯಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ವಿದ್ಯುತ್ತು ತುಂಬಲು ನಿಲ್ಲಿಸಿದ್ದ ಗಾಡಿ ಹೊತ್ತಿಕೊಂಡು, ಒಳಗಿದ್ದ ತಂದೆಯೂ ಹದಿಮೂರು ವರ್ಷದ ಮಗಳೂ ಹೊಗೆಯಿಂದ ಉಸಿರುಕಟ್ಟಿ ತೀರಿಕೊಂಡರು. ಅದೇ ಸುಮಾರಿಗೆ ಪುಣೆಯ ಬೀದಿಯಲ್ಲಿ ನಿಂತಿದ್ದ ಸ್ಕೂಟರೊಂದು ಉರಿದ ಚಿತ್ರವನ್ನು ದೇಶವೆಲ್ಲ ನೋಡಿತು. ಏಪ್ರಿಲ್ ೯ರಂದು ನಾಸಿಕದಲ್ಲಿ ಲಾರಿಯಲ್ಲಿ ಸಾಗಿಸುತ್ತಿದ್ದ ಇಪ್ಪತ್ತು ಸ್ಕೂಟರುಗಳು ಸುಟ್ಟುವು. ಅದೇ ತಿಂಗಳ ಮೂರನೆಯ ವಾರದಲ್ಲಿ ನಿಜಾಮಾಬಾದಿನ ಮನೆಯೊಂದರಲ್ಲಿ, ಗಾಡಿಯಿಂದ ಬಿಚ್ಚಿ ತಂದು ವಿದ್ಯುತ್ತು ತುಂಬಲಿಟ್ಟಿದ್ದ ಬ್ಯಾಟರಿ ಸಿಡಿದು ಎಂಬತ್ತರ ವೃದ್ಧರೊಬ್ಬರು ಸತ್ತರು. ಕೆಲವೇ ದಿನಗಳಲ್ಲಿ ವಿಜಯವಾಡದಲ್ಲಿಯೂ ಮಲಗುವ ಕೋಣೆಯಲ್ಲಿ ಅಂಥದೇ ಸಾವು. ಆ ಗಾಡಿಯನ್ನು ಕೊಂಡು ಒಂದು ದಿನವಾಗಿತ್ತಷ್ಟೆ. ನಾಸಿಕದ್ದೂ ಪುಣೆಯದೂ ಹೆಚ್ಚು ಮಾತಿಗೆ ಬಂದುವು, ಏಕೆಂದರೆ ಅವು ಬೀದಿಯಲ್ಲಿ ಕಾಣುವಂತೆ ನಡೆದುವು. ಆದರೆ ಈ ಸಾವುಗಳಲ್ಲಿ ಒಂದೂ ರಸ್ತೆಯಲ್ಲಿ ಆದದ್ದಲ್ಲ. ಗಾಡಿ ನಿಂತಿತ್ತು, ಅದರ ವೇಗ ಸೊನ್ನೆ, ಕೆಲವೆಡೆ ಗಾಡಿಯೇ ಅಲ್ಲಿರಲಿಲ್ಲ, ಬ್ಯಾಟರಿ ಮಾತ್ರ ಇತ್ತು.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬಹುದು. ವೆಚ್ಚವನ್ನು ತಗ್ಗಿಸುವುದಕ್ಕಾಗಿ ಗಾಡಿಗಳ ಬ್ಯಾಟರಿಗಳನ್ನು ಅದಲುಬದಲು ಮಾಡಿಕೊಳ್ಳುವ ನೀತಿಯ ಕರಡನ್ನು ನೀತಿ ಆಯೋಗವು ಹೊರಡಿಸಿದ್ದು ಆ ವರ್ಷದ ಏಪ್ರಿಲ್ ೨೦ರಂದು, ಅಂದರೆ ನಿಜಾಮಾಬಾದಿನ ದುರಂತದ ವಾರದಲ್ಲಿಯೇ.

ಸರಕಾರ ಸುಮ್ಮನೆ ಕುಳಿತಿರಲಿಲ್ಲ. ಮಾರ್ಚಿಯಲ್ಲಿಯೇ ರಕ್ಷಣಾ ಸಂಶೋಧನ ಸಂಸ್ಥೆಗೆ ಸೇರಿದ, ಬೆಂಕಿ ಮತ್ತು ಸ್ಫೋಟಕಗಳನ್ನು ಕುರಿತು ಕೆಲಸಮಾಡುವ ಕೇಂದ್ರಕ್ಕೆ ತನಿಖೆಯನ್ನು ವಹಿಸಿತು. ತಪ್ಪು ಕಂಡುಬಂದ ಕಂಪನಿಗಳಿಗೆ ಭಾರಿ ದಂಡ ವಿಧಿಸಿ ಗಾಡಿಗಳನ್ನು ಹಿಂದಕ್ಕೆ ಪಡೆಯುವಂತೆ ಆಜ್ಞಾಪಿಸಲಾಗುವುದೆಂದು ಸಾರಿಗೆ ಮಂತ್ರಿ ನಿತಿನ್ ಗಡ್ಕರಿಯವರು ಏಪ್ರಿಲ್ ೨೧ರಂದು ಸಾರಿದರು. ಈ ಮಾತಿಗೆ ಆಧಾರವಿತ್ತು: ೨೦೧೯ರ ತಿದ್ದುಪಡಿಯಿಂದ ಮೋಟಾರು ವಾಹನ ಅಧಿನಿಯಮದಲ್ಲಿ ದೋಷಯುಕ್ತ ವಾಹನಗಳನ್ನು ಹಿಂದಕ್ಕೆ ಕರೆಸುವ ಅಧಿಕಾರವೂ, ತಯಾರಕನಿಗೆ ನೂರು ಕೋಟಿ ರೂಪಾಯಿಯವರೆಗೆ ದಂಡ ವಿಧಿಸುವ ವಿಧಿಯೂ ಸೇರಿದ್ದುವು. ಅಧಿಕಾರವನ್ನು ಚಲಾಯಿಸುವ ಮೊದಲೇ ಕಂಪನಿಗಳು ತಾವಾಗಿ ಗಾಡಿಗಳನ್ನು ಕರೆಸಿಕೊಂಡುವು. ಒಂದು ೩,೨೧೫ನ್ನು, ಇನ್ನೊಂದು ೨,೦೦೦ವನ್ನು, ಮತ್ತೊಂದು ೧,೪೪೧ನ್ನು.

ಮಾನಕವನ್ನು ತಿದ್ದುವ ಕೆಲಸಕ್ಕಾಗಿ ನೇಮಿಸಿದ ತಜ್ಞರ ಸಮಿತಿಗೆ ಹೈದರಾಬಾದಿನಲ್ಲಿರುವ, ಲೋಹಚೂರ್ಣ ಮತ್ತು ನೂತನ ದ್ರವ್ಯಗಳ ಸಂಶೋಧನಕೇಂದ್ರದ ನಿರ್ದೇಶಕರಾದ ಟಾಟಾ ನರಸಿಂಗ ರಾವ್ ಅವರು ಅಧ್ಯಕ್ಷರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಿಂದಲೂ ಮದರಾಸಿನ ಐ.ಐ.ಟಿ.ಯಿಂದಲೂ ಪ್ರಾಧ್ಯಾಪಕರು ಸದಸ್ಯರಾಗಿದ್ದರು. ಸಮಿತಿಯ ಸಲಹೆಯ ಮೇರೆಗೆ ಎ.ಐ.ಎಸ್. ೧೫೬ಕ್ಕೆ ೨೦೨೨ರ ಆಗಸ್ಟ್ ೨೯ರಂದು ತಿದ್ದುಪಡಿ ಹೊರಟಿತು. ಅದನ್ನು ಓದಿದವರಿಗೆ ಶಾಸನದ ಕಣ್ಣು ಎಲ್ಲಿಗೆ ತಿರುಗಿತೆಂಬುದು ಗೊತ್ತಾಗುತ್ತದೆ. ಕೋಶ, ಕೋಶಗಳನ್ನು ಜೋಡಿಸಿದ ಪೆಟ್ಟಿಗೆ, ಅದನ್ನು ಕಾಯುವ ನಿಯಂತ್ರಕ, ವಿದ್ಯುತ್ತು ತುಂಬುವ ಚಾರ್ಜರು, ಇವುಗಳೇ ಅದರ ಪ್ರಕರಣಗಳು. ಕೋಶದ ಮೇಲೆ ಅದು ತಯಾರಾದ ತಿಂಗಳೂ ವರ್ಷವೂ ಇರಬೇಕು. ಒಳಗಿನ ಒತ್ತಡ ಹೊರಹೋಗುವುದಕ್ಕೆ ಕಿಂಡಿಯಿರಬೇಕು. ಬಿಸಿಯನ್ನು ಗ್ರಹಿಸುವ ಸಂವೇದಕಗಳಿರಬೇಕು. ಬೆಂಕಿಯ ಸೂಚನೆ ಕಂಡರೆ ಶಬ್ದದಿಂದಲೂ ಬೆಳಕಿನಿಂದಲೂ ಎಚ್ಚರಿಸಬೇಕು. ತುಂಬಿದ ಮೇಲೆ ಚಾರ್ಜರು ತಾನಾಗಿ ನಿಲ್ಲಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಒಂದು ಕೋಶವನ್ನು ಬೇಕೆಂದೇ ಕೆಡಿಸಿ, ಅದರ ಉರಿ ನೆರೆಯ ಕೋಶಗಳಿಗೆ ಹಬ್ಬಿ ಪೆಟ್ಟಿಗೆಯೇ ಹೊತ್ತುವುದೇ ಎಂದು ನೋಡುವ ಪರೀಕ್ಷೆ. ಹಳೆಯ ಪರೀಕ್ಷೆಗಳು ಬ್ಯಾಟರಿಗೆ ಹೊರಗಿನಿಂದ ಆಗುವ ಹಿಂಸೆಗಳನ್ನು ಬಹುವಾಗಿ ಎಣಿಸಿದ್ದುವು. ಇದು ಒಳಗೇ ಹುಟ್ಟುವ ಕೇಡನ್ನು ಮೊದಲಿಗಿಟ್ಟಿತು. ಒಂದಲ್ಲ ಒಂದು ಕೋಶ ಕೆಟ್ಟೇ ಕೆಡುವುದೆಂದು ಒಪ್ಪಿಕೊಂಡು, ಕೆಟ್ಟ ಮೇಲೆ ಮನುಷ್ಯನಿಗೆ ಓಡಿಹೋಗಲು ಸಮಯ ಸಿಕ್ಕುವಂತೆ ಮಾಡಬೇಕೆಂಬುದು ಇಲ್ಲಿಯ ವಿಚಾರಸರಣಿ.

ತಿದ್ದುಪಡಿ ಅಕ್ಟೋಬರ್ ೧ರಿಂದ ಜಾರಿಗೆ ಬರತಕ್ಕದ್ದೆಂದು ಗೊತ್ತಾಗಿತ್ತು. ಸೆಪ್ಟೆಂಬರ್ ೧೨ರ ರಾತ್ರಿ ಸಿಕಂದರಾಬಾದಿನಲ್ಲಿ, ಕೆಳಗೆ ವಿದ್ಯುತ್ ಸ್ಕೂಟರುಗಳ ಮಳಿಗೆಯೂ ಮೇಲೆ ವಸತಿಗೃಹವೂ ಇದ್ದ ಕಟ್ಟಡದಲ್ಲಿ ಬೆಂಕಿ ಬಿದ್ದಿತು. ಉರಿ ಕೆಳಗೇ ಇತ್ತು. ಹೊಗೆ ಮೇಲಿನ ಅಂತಸ್ತುಗಳನ್ನು ತುಂಬಿತು. ಎಂಟು ಮಂದಿ ಸತ್ತರು. ಅವರಲ್ಲಿ ಬೇರೆ ಊರುಗಳಿಂದ ಕೆಲಸದ ಮೇಲೆ ಬಂದು ಇಳಿದುಕೊಂಡಿದ್ದವರಿದ್ದರು. ಕೆಳಗಿನ ಗಾಡಿಗಳಿಗೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ಇದಾಗಿ ಹದಿನೈದು ದಿನಕ್ಕೆ, ಸೆಪ್ಟೆಂಬರ್ ೨೭ರಂದು, ಮಂತ್ರಾಲಯವು ತಿದ್ದುಪಡಿಯನ್ನು ಎರಡು ಕಂತುಗಳಾಗಿ ವಿಭಾಗಿಸಿ, ಒಂದನ್ನು ಡಿಸೆಂಬರ್ ೧ಕ್ಕೂ ಇನ್ನೊಂದನ್ನು ೨೦೨೩ರ ಮಾರ್ಚಿ ೩೧ಕ್ಕೂ ಮುಂದೂಡಿತು.

ಈ ಮುಂದೂಡಿಕೆಯನ್ನು ಸುಮ್ಮನೆ ಹಳಿಯುವುದು ಸುಲಭ. ತಯಾರಕರ ವಾದದಲ್ಲಿಯೂ ಹುರುಳಿತ್ತು. ಪೆಟ್ಟಿಗೆಯ ರಚನೆಯನ್ನೇ ಬದಲಾಯಿಸಬೇಕಾದ ನಿಯಮಕ್ಕೆ ಒಂದು ತಿಂಗಳ ಗಡುವು ಸಾಲದು, ಬಹುಮಂದಿಗೆ ಕೋಶಗಳು ಹೊರದೇಶದಿಂದ ಬರಬೇಕು, ಪರೀಕ್ಷಾಸಂಸ್ಥೆಗಳಾದರೂ ನಾಲ್ಕಾರು. ಕಾಗದದಲ್ಲಿ ಜಾರಿಯಾಗಿ ಕಾರ್ಖಾನೆಯಲ್ಲಿ ಜಾರಿಯಾಗದ ನಿಯಮದಿಂದ ಪ್ರಯೋಜನವೇನು? ಇಷ್ಟಾದರೂ ಒಂದು ಮಾತನ್ನು ಹೇಳದಿರಲಾಗದು. ಗಡುವನ್ನು ಕುರಿತ ಈ ವಾದವಿವಾದದಲ್ಲಿ ತಯಾರಕರಿದ್ದರು, ಪರೀಕ್ಷಕರಿದ್ದರು, ಕೊಳ್ಳುವವನೂ ಒಂದು ಪಕ್ಷವಾಗಿದ್ದ. ಮೇಲಂತಸ್ತಿನಲ್ಲಿ ಮಲಗುವವನ ಪಕ್ಷವನ್ನು ಹಿಡಿದವರಿಲ್ಲ. ಸಿಕಂದರಾಬಾದಿನ ಪ್ರಶ್ನೆ ವಾಹನದ ಮಾನಕದಿಂದ ಪೂರ್ತಿಯಾಗಿ ಬಗೆಹರಿಯತಕ್ಕದ್ದೂ ಅಲ್ಲ. ಜನ ಮಲಗುವ ಕಟ್ಟಡದ ಕೆಳಗೆ ಎಷ್ಟು ಬ್ಯಾಟರಿಗಳನ್ನು ಇಡಬಹುದು, ರಾತ್ರಿ ಅವಕ್ಕೆ ವಿದ್ಯುತ್ತು ತುಂಬಬಹುದೇ ಎಂಬುದು ಕಟ್ಟಡಗಳ ಕಾನೂನು. ಪೆಟ್ರೋಲಿನ ವಿಷಯದಲ್ಲಿ ೩೦ ಲೀಟರೆಂಬ ಒಂದು ಸಂಖ್ಯೆಯಿತ್ತು. ಬ್ಯಾಟರಿಗೆ ಅಂಥ ಸಂಖ್ಯೆಯನ್ನು ಈ ತಿದ್ದುಪಡಿಯಿಂದ ನಿರೀಕ್ಷಿಸುವಂತಿರಲಿಲ್ಲ.

ಇದೇ ಪ್ರಶ್ನೆ ನ್ಯೂಯಾರ್ಕ್ ನಗರದಲ್ಲಿ ಬೇರೊಂದು ರೂಪದಲ್ಲಿ ಎದ್ದಿತು. ಅಲ್ಲಿ ಮನೆಮನೆಗೆ ಊಟ ತಲಪಿಸುವ ಸಾವಿರಾರು ಕೆಲಸಗಾರರು, ಹೆಚ್ಚಿನವರು ಹೊರದೇಶಗಳಿಂದ ಬಂದವರು, ವಿದ್ಯುತ್ ಸೈಕಲ್ಲುಗಳನ್ನು ನಂಬಿ ಬದುಕುವವರು. ದಿನವೆಲ್ಲ ಓಡಿದ ಬ್ಯಾಟರಿಯನ್ನು ರಾತ್ರಿ ಬಾಡಿಗೆಯ ಇಕ್ಕಟ್ಟಿನ ಕೋಣೆಯಲ್ಲಿ, ಕೆಲವೊಮ್ಮೆ ಹೊರಗೆ ಹೋಗುವ ಒಂದೇ ಬಾಗಿಲಿನ ಪಕ್ಕದಲ್ಲಿ ತುಂಬಲಿಡುವುದು ಅವರ ಪಾಡು. ೨೦೨೩ರಲ್ಲಿ ಅಲ್ಲಿಯ ಅಗ್ನಿಶಾಮಕ ಇಲಾಖೆ ಲಿಥಿಯಂ ಬ್ಯಾಟರಿಯಿಂದಾದ ೨೬೮ ಬೆಂಕಿಗಳನ್ನೂ ೧೮ ಸಾವುಗಳನ್ನೂ ಲೆಕ್ಕಹಾಕಿತು. ನಗರಸಭೆಗೆ ಕಾರ್ಖಾನೆಗಳ ಮೇಲೆ ಅಧಿಕಾರವಿಲ್ಲ; ವಾಹನದ ಮಾದರಿಯನ್ನು ಒಪ್ಪುವ ಅಧಿಕಾರವೂ ಇಲ್ಲ. ಇದ್ದದ್ದು ಅಂಗಡಿಯ ಮೇಲಿನ ಅಧಿಕಾರ. ಆದ್ದರಿಂದ ೨೦೨೩ರ ಮಾರ್ಚಿ ೨೦ರಂದು ಮೇಯರ್ ಎರಿಕ್ ಆಡಮ್ಸ್ ಅವರು ಸಹಿ ಹಾಕಿದ ೩೯ನೆಯ ಸ್ಥಳೀಯ ಶಾಸನವು, ನಿರ್ದಿಷ್ಟ ಮಾನಕಗಳ ಪ್ರಕಾರ ಪರೀಕ್ಷಿತವಾಗದ ಸೈಕಲ್ಲನ್ನಾಗಲಿ ಸ್ಕೂಟರನ್ನಾಗಲಿ ಬರಿಯ ಬ್ಯಾಟರಿಯನ್ನಾಗಲಿ ನಗರದಲ್ಲಿ ಮಾರಕೂಡದು, ಬಾಡಿಗೆಗೆ ಕೊಡಕೂಡದು ಎಂದು ವಿಧಿಸಿತು. ಬರಿಯ ಬ್ಯಾಟರಿಯನ್ನು ಪ್ರತ್ಯೇಕವಾಗಿ ಹೆಸರಿಸಿದ್ದನ್ನು ಗಮನಿಸಬೇಕು. ಹಳೆಯ ಬ್ಯಾಟರಿಗಳಿಂದ ಕಿತ್ತ ಕೋಶಗಳನ್ನು ಜೋಡಿಸಿ ಮಾರುವುದನ್ನು ಅದರ ಜೊತೆಯ ಇನ್ನೊಂದು ಶಾಸನ ನಿಷೇಧಿಸಿತು. ಶಾಸನ ಜಾರಿಗೆ ಬಂದದ್ದು ಸೆಪ್ಟೆಂಬರ್ ೧೬ರಂದು. ನಡುವೆ, ಜೂನ್ ೨೦ರಂದು, ಚೀನೀಯರ ಕೇರಿಯಲ್ಲಿ ಕೆಳಗೆ ಸೈಕಲ್ ರಿಪೇರಿಯ ಅಂಗಡಿ, ಮೇಲೆ ಸಂಸಾರಗಳಿದ್ದ ಕಟ್ಟಡದಲ್ಲಿ ಬೆಂಕಿ ಬಿದ್ದು ನಾಲ್ವರು ಸತ್ತರು. ಸಿಕಂದರಾಬಾದಿನ ದುರ್ಘಟನೆಗೂ ಇದಕ್ಕೂ ಇರುವ ಸಾಮ್ಯ, ಕಟ್ಟಡದ ವಿನ್ಯಾಸದಲ್ಲಿಯೂ ಪಂಚಾಂಗದಲ್ಲಿಯೂ, ಮನಸ್ಸನ್ನು ಕಲಕುವಂಥದು. ಎರಡೂ ಕಡೆ ಶಾಸನ ಬರೆದಾಗಿತ್ತು, ಜಾರಿಯಾಗಿರಲಿಲ್ಲ. ಮರುವರ್ಷದ ಫೆಬ್ರವರಿಯಲ್ಲಿ ಅದೇ ನಗರದ ಹಾರ್ಲೆಮ್ ಭಾಗದ ಇನ್ನೊಂದು ಬೆಂಕಿಯಲ್ಲಿ ಸತ್ತವರು ಇಪ್ಪತ್ತೇಳು ವರ್ಷದ ಭಾರತೀಯ ಪತ್ರಕರ್ತರು.

ನ್ಯೂಯಾರ್ಕಿನ ಶಾಸನ ಅವಲಂಬಿಸಿದ ಮಾನಕಗಳು ಸರಕಾರದವಲ್ಲ. ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಎಂಬ ಖಾಸಗಿ ಸಂಸ್ಥೆಯವು. ಇದರ ಮೂಲವನ್ನು ಹುಡುಕಿದರೆ ೧೮೯೩ರ ಷಿಕಾಗೊ ಪ್ರದರ್ಶನಕ್ಕೆ ಹೋಗಬೇಕಾಗುತ್ತದೆ. ಅಲ್ಲಿ ಸಹಸ್ರಾರು ವಿದ್ಯುದ್ದೀಪಗಳು ಬೆಳಗುವುದನ್ನು ಕಂಡು ಬೆರಗಾದವರು ಜನ, ಹೆದರಿದವರು ಬೆಂಕಿವಿಮೆಯ ಕಂಪನಿಗಳವರು. ತಂತಿಗಳನ್ನು ಪರೀಕ್ಷಿಸಲು ಬಂದ ವಿಲಿಯಂ ಹೆನ್ರಿ ಮೆರಿಲ್ ಎಂಬ ಎಂಜಿನಿಯರು ಮರುವರ್ಷವೇ ವಿಮಾದಾರರ ಬೆಂಬಲದಿಂದ ಈ ಪರೀಕ್ಷಾಲಯವನ್ನು ಸ್ಥಾಪಿಸಿದರು. ನಷ್ಟವನ್ನು ತುಂಬಿಕೊಡಬೇಕಾದವನು ಅಪಾಯವನ್ನು ಅಳೆಯಲು ಕಲಿಯುವುದು ಸಹಜ. ನಮ್ಮ ವಿನಾಯಿತಿಯ ಗಾಡಿಗಳಿಗೆ ವಿಮೆಯ ಕಡ್ಡಾಯವಿಲ್ಲದುದರಿಂದ ಅಂಥ ಒಂದು ಕಣ್ಣು ನಮ್ಮಲ್ಲಿ ಮೊದಲೇ ಮುಚ್ಚಿತ್ತೆಂಬುದನ್ನು ಇಲ್ಲಿ ಹೇಳಿದರೆ ಅಪ್ರಕೃತವಾಗದು. ಸ್ಕೂಟರುಗಳಿಗೆ ಅನ್ವಯಿಸಿದ ೨೨೭೨ನೆಯ ಮಾನಕ ಹುಟ್ಟಿದ್ದು ೨೦೧೬ರಲ್ಲಿ, ಹೋವರ್‌ಬೋರ್ಡ್ ಎಂಬ ಎರಡು ಗಾಲಿಯ ಹಲಗೆಗಳು ಅಮೆರಿಕದ ಮನೆಗಳಲ್ಲಿ ಹೊತ್ತಿಕೊಂಡ ಮೇಲೆ. ಆ ವರ್ಷ ಜುಲೈಯಲ್ಲಿ ಐದು ಲಕ್ಷಕ್ಕೂ ಹೆಚ್ಚು ಹಲಗೆಗಳನ್ನು ಹಿಂದಕ್ಕೆ ಪಡೆದಿದ್ದರು. ಅದು ಮಕ್ಕಳ ಆಟದ ವಸ್ತು. ಅದಕ್ಕಾಗಿ ಬರೆದದ್ದು ಏಳು ವರ್ಷಗಳ ಮೇಲೆ ಕೂಲಿಯವನ ಗಾಡಿಗೆ ಕಡ್ಡಾಯವಾಯಿತು.

ಚೀನದ ಉದಾಹರಣೆಯನ್ನು ತೂಕದ ದೃಷ್ಟಿಯಿಂದ ಮಾತ್ರ ನೋಡಬಹುದು. ೨೦೧೯ರ ಏಪ್ರಿಲಿನಲ್ಲಿ ಜಾರಿಗೆ ಬಂದ ಅಲ್ಲಿಯ ಮಾನಕವು ವಿದ್ಯುತ್ ಸೈಕಲ್ಲನ್ನು ಬ್ಯಾಟರಿಯ ಸಹಿತವಾಗಿಯೇ ತೂಗಿ, ೫೫ ಕಿಲೋಗ್ರಾಮಿನ ಮಿತಿ ಹಾಕಿತು. ನಮ್ಮ ನಿಯಮಕ್ಕೆ ಇದು ತದ್ವಿರುದ್ಧ. ಆದರೆ ಇದರಿಂದ ಇನ್ನೊಂದು ಕಷ್ಟ ಒದಗಿತು. ಮಿತಿಯೊಳಗೆ ದೂರ ಓಡಬೇಕಾದರೆ ಭಾರವಾದ ಸೀಸವನ್ನು ಬಿಟ್ಟು ಹಗುರವಾದ ಲಿಥಿಯಮ್ಮನ್ನು ಹಿಡಿಯಬೇಕು. ೨೦೨೪ರ ಫೆಬ್ರವರಿ ೨೩ರಂದು ನಾನ್‌ಜಿಂಗ್ ನಗರದ ಬಹುಮಹಡಿ ಕಟ್ಟಡವೊಂದರ ಕೆಳಗೆ ಸೈಕಲ್ಲುಗಳನ್ನು ನಿಲ್ಲಿಸಿದ್ದ ಸ್ಥಳದಲ್ಲಿ ಬೆಂಕಿ ಹುಟ್ಟಿ ೧೫ ಮಂದಿ ಸತ್ತರು. ಅದೇ ವರ್ಷ ನವೆಂಬರಿನಿಂದ ಲಿಥಿಯಂ ಬ್ಯಾಟರಿಗೇ ಪ್ರತ್ಯೇಕವಾದ ಕಡ್ಡಾಯ ಮಾನಕ ಜಾರಿಗೆ ಬಂದಿತು. ಸೈಕಲ್ಲಿನ ಮಾನಕವನ್ನು ತಿದ್ದಿ ಸೀಸದ ಬ್ಯಾಟರಿಯಿರುವ ಗಾಡಿಗೆ ೬೩ ಕಿಲೋಗ್ರಾಮಿನವರೆಗೆ ಅವಕಾಶ ಕೊಟ್ಟರು. ತೂಗದೆ ಬಿಟ್ಟದ್ದರಿಂದ ಒಂದು ಬಗೆಯ ಕುರುಡಾದರೆ, ತೂಗಿದ್ದರಿಂದ ಇನ್ನೊಂದು ಬಗೆಯದು. ಯುರೋಪಿನವರು ೨೦೨೩ರ ತಮ್ಮ ನಿಬಂಧನೆಯಲ್ಲಿ ಹಗುರ ವಾಹನಗಳ ೨೫ ಕಿಲೋಗ್ರಾಮಿನೊಳಗಿನ ಬ್ಯಾಟರಿಯೆಂಬ ಹೊಸ ವರ್ಗವನ್ನೇ ಕಲ್ಪಿಸಿದರು. ಅಂಥ ಪ್ರತಿಯೊಂದಕ್ಕೂ ೨೦೨೭ರ ಫೆಬ್ರವರಿಯಿಂದ ಜಾತಕದಂಥ ದಾಖಲೆಯೊಂದು ಇರತಕ್ಕದ್ದೆಂದು ಗೊತ್ತುಮಾಡಿದರು.

ಭಾರತದಲ್ಲಿಯೂ ೨೦೨೨ರ ಅನಂತರ ಕೆಲಸ ನಿಲ್ಲಲಿಲ್ಲ. ಭಾರತೀಯ ಮಾನಕ ಸಂಸ್ಥೆಯು ಬ್ಯಾಟರಿ ಪೆಟ್ಟಿಗೆಗಳ ಪರೀಕ್ಷೆಗಾಗಿ ಆ ವರ್ಷವೇ ಐ.ಎಸ್. ೧೭೮೫೫ ಎಂಬುದನ್ನೂ, ೨೦೨೪ರಲ್ಲಿ ವಿದ್ಯುತ್ ವಾಹನಗಳ ಸುರಕ್ಷತೆಗಾಗಿ ಇನ್ನೆರಡನ್ನೂ ಪ್ರಕಟಿಸಿತು. ಆದರೆ ಎ.ಐ.ಎಸ್. ೧೫೬ರ ತಿದ್ದುಪಡಿಗಳು ಎರಡನೆಯ ನಿಯಮದ ಆ ಮೂರು ಶಬ್ದಗಳನ್ನು ಮುಟ್ಟಲಿಲ್ಲ. ಮುಟ್ಟುವ ಅಧಿಕಾರವೂ ಅವಕ್ಕಿರಲಿಲ್ಲ. ಅಂಗಡಿಯಲ್ಲಿ ಹೊಸದಾಗಿ ಕೊಂಡ ಬ್ಯಾಟರಿ ಪರೀಕ್ಷಿತವಾದದ್ದು. ಮೂರು ನಾಲ್ಕು ವರ್ಷದ ಮೇಲೆ ರಿಪೇರಿಯ ಅಂಗಡಿಯಲ್ಲಿ ಪೆಟ್ಟಿಗೆಯನ್ನು ಬಿಚ್ಚಿ, ಸತ್ತ ಕೋಶಗಳ ಜಾಗದಲ್ಲಿ ಬೇರೆ ಕೋಶಗಳನ್ನು ಬೆಸೆದು ಕೊಟ್ಟದ್ದು ಯಾವ ಮಾದರಿಗೂ ಸೇರಿದ್ದಲ್ಲ. ಮಾದರಿಯನ್ನು ಪರೀಕ್ಷಿಸುವ ಕಾನೂನು ಅಲ್ಲಿಗೆ ಕೈಚಾಚಲಾರದು.

ಇನ್ನೊಂದು ಶಾಸನದ ಹೆಸರನ್ನು ಹೇಳುವುದು ಉಳಿದಿದೆ. ೨೦೦೧ರ ಹಳೆಯ ನಿಯಮಗಳು ಸೀಸದ ಬ್ಯಾಟರಿಗಳಿಗೆ ಮಾತ್ರ ಅನ್ವಯಿಸುತ್ತಿದ್ದುವು. ಅವುಗಳ ಬದಲು ಪರಿಸರ ಮಂತ್ರಾಲಯವು ಬ್ಯಾಟರಿ ತ್ಯಾಜ್ಯದ ನಿರ್ವಹಣೆಯ ನಿಯಮಗಳನ್ನು ೨೦೨೨ರ ಆಗಸ್ಟಿನಲ್ಲಿ, ಎ.ಐ.ಎಸ್. ೧೫೬ರ ತಿದ್ದುಪಡಿಗೆ ಒಂದು ವಾರ ಮುಂಚೆ, ಹೊರಡಿಸಿತು. ಅದರಲ್ಲಿ ವಿದ್ಯುತ್ ವಾಹನದ ಬ್ಯಾಟರಿಗೆ ಗಾಡಿಯಿಂದ ಬೇರೆಯಾದ ಒಂದು ವರ್ಗವೇ ಇದೆ. ಆಯುಸ್ಸು ತೀರಿದ ಬ್ಯಾಟರಿಯನ್ನು ತಯಾರಕನು ಹಿಂದಕ್ಕೆ ಪಡೆಯುವಂತೆ ಮಾಡಿ, ಅದರ ಒಣತೂಕದಲ್ಲಿ ಇಂತಿಷ್ಟು ಪಾಲು ದ್ರವ್ಯವನ್ನು ಮರಳಿ ತೆಗೆಯತಕ್ಕದ್ದೆಂದು ಆ ನಿಯಮಗಳು ವಿಧಿಸಿವೆ: ೨೦೨೪-೨೫ರಲ್ಲಿ ಶೇಕಡ ೭೦, ಮರುವರ್ಷ ೮೦, ೨೦೨೬-೨೭ರಿಂದ ೯೦.